ಎದೆಗೂಡಿನ ಮೂಳೆಗಡ್ಡೆ: ಮೊದಲ ಶಸ್ತ್ರಚಿಕಿತ್ಸೆಯ ಮಹತ್ವ

ದೇಹದ ರಚನೆಯಲ್ಲಿ ಎದೆಗೂಡಿನದು ವಿಶೇಷವಾದ ಸ್ಥಾನ. ತಲೆಬುರುಡೆಯೂ ಕಾವಲುಗಾರನೇ; ಆದರೆ ಅದು ಮೆದುಳನ್ನು ಒಳಗಿಟ್ಟುಕೊಂಡು ನಿಶ್ಚಲವಾಗಿ ನಿಂತಿರುತ್ತದೆ. ಎದೆಗೂಡಾದರೋ ಹೃದಯವನ್ನೂ ಶ್ವಾಸಕೋಶಗಳನ್ನೂ ಕಾಯುತ್ತಲೇ ದಿನವೊಂದಕ್ಕೆ ಸುಮಾರು 20,000 ಬಾರಿ ಹಿಗ್ಗಿ ಕುಗ್ಗುತ್ತದೆ. ಮುಂದೆ ಚಪ್ಪಟೆಯಾದ ಎದೆಮೂಳೆ, ಹಿಂದೆ ಬೆನ್ನುಮೂಳೆ, ಇವೆರಡರ ನಡುವೆ ಬಿಲ್ಲಿನಂತೆ ಬಾಗಿದ 12 ಜೊತೆ ಪಕ್ಕೆಲುಬುಗಳು. ಮೇಲಿನ ಏಳು ಜೊತೆ ಪಕ್ಕೆಲುಬುಗಳು ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಸೇರಿಕೊಂಡಿವೆ. ಅವುಗಳ ಕೆಳಗಿನ ಮೂರು ಜೊತೆ ಪರೋಕ್ಷವಾಗಿ ಸೇರಿವೆ. ಕೊನೆಯ ಎರಡು ಜೊತೆಗಳ ಮುಂತುದಿ ಯಾವುದಕ್ಕೂ ಅಂಟಿಕೊಳ್ಳದೆ ಉಳಿದಿದೆ. ಗಟ್ಟಿತನವೂ ಬಾಗುವ ಗುಣವೂ ಒಂದೆಡೆ ಸೇರಿರುವ ಈ ಗೂಡಿನ ಬಲದಿಂದಲೇ ನಮ್ಮ ಉಸಿರಾಟ ನಡೆಯುತ್ತಿದೆ.

ಇಂತಹ ಗೂಡಿನ ಮೂಳೆಯಲ್ಲಿಯೇ ಗಡ್ಡೆಯೊಂದು ಹುಟ್ಟಿದರೆ ವೈದ್ಯರ ಮುಂದೆ ಎರಡು ಕರ್ತವ್ಯಗಳು ನಿಲ್ಲುತ್ತವೆ. ಗಡ್ಡೆಯನ್ನು ಕಿಂಚಿತ್ತೂ ಉಳಿಯದಂತೆ ತೆಗೆಯಬೇಕು. ತೆಗೆದ ಮೇಲೂ ರೋಗಿಯ ಉಸಿರಾಟ ಮೊದಲಿನಂತೆ ನಡೆಯಬೇಕು. ಈ ಎರಡನ್ನೂ ಸಾಧಿಸುವುದಕ್ಕೆ ಅತ್ಯುತ್ತಮವಾದ ಅವಕಾಶ ದೊರೆಯುವುದು ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಮಾತ್ರ. ಈ ಲೇಖನದ ತಿರುಳು ಇಷ್ಟೇ. ಇದು ಏಕೆ ಸತ್ಯ, ಇದನ್ನು ತಿಳಿದು ಸದ್ಭಕ್ತರು ಏನು ಮಾಡಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಗಡ್ಡೆಗಳ ಬಗೆಗಳು

ಎದೆಗೂಡಿನಲ್ಲಿಯೇ ಮೂಲತಃ ಹುಟ್ಟುವ ಗಡ್ಡೆಗಳು ಅಪರೂಪ. ದೇಹದಲ್ಲಿ ಕಾಣಿಸಿಕೊಳ್ಳುವ ಒಟ್ಟು ಗಡ್ಡೆಗಳಲ್ಲಿ ಇವು ನೂರಕ್ಕೆ ಒಂದೆರಡು ಮಾತ್ರ. ಆದರೆ ಅಪರೂಪವೆಂದು ಕಡೆಗಣಿಸುವಂತಿಲ್ಲ. ಇವುಗಳಲ್ಲಿ ಸರಿಸುಮಾರು ಅರ್ಧದಷ್ಟು ಮಾರಕ ಸ್ವಭಾವದವು.

ಸೌಮ್ಯ ಗಡ್ಡೆಗಳಲ್ಲಿ ಆಸ್ಟಿಯೊಕಾಂಡ್ರೋಮಾ, ಫೈಬ್ರಸ್ ಡಿಸ್‌ಪ್ಲೇಸಿಯಾ ಮುಖ್ಯವಾದವು. ಮೊದಲನೆಯದು ಮೃದ್ವಸ್ಥಿಯ ಟೊಪ್ಪಿಗೆಯನ್ನು ಹೊತ್ತು ಮೂಳೆಯಿಂದ ಹೊರಚಾಚುವ ಮೊಳಕೆಯಂತಹುದು. ಎರಡನೆಯದರಲ್ಲಿ ಪಕ್ಕೆಲುಬಿನ ಒಂದು ಭಾಗದ ಮೂಳೆ ನಾರುನಾರಾಗಿ ಮಾರ್ಪಟ್ಟು ಉಬ್ಬುತ್ತದೆ. ನೋವಿಲ್ಲದೆ, ಬೆಳೆಯದೆ ಇದ್ದರೆ ಫೈಬ್ರಸ್ ಡಿಸ್‌ಪ್ಲೇಸಿಯಾವನ್ನು ಆಗಾಗ ಪರೀಕ್ಷಿಸುತ್ತಿದ್ದರೆ ಸಾಕಾಗುವುದುಂಟು.

ಮಾರಕ ಗಡ್ಡೆಗಳಲ್ಲಿ ವಯಸ್ಕರಿಗೆ ಹೆಚ್ಚಾಗಿ ಬರುವುದು ಕಾಂಡ್ರೊಸಾರ್ಕೋಮಾ. ಇದು ಮೃದ್ವಸ್ಥಿಯ ಕ್ಯಾನ್ಸರು; ಬಹುಮಟ್ಟಿಗೆ ಪಕ್ಕೆಲುಬು ಎದೆಮೂಳೆಯನ್ನು ಸೇರುವ ಮುಂಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ನಿಧಾನವಾಗಿ ಬೆಳೆಯುವುದರಿಂದ ಮೋಸಗೊಳಿಸುತ್ತದೆ. ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಈವಿಂಗ್ ಸಾರ್ಕೋಮಾ ಬರಬಹುದು. ಇದು ವೇಗವಾಗಿ ಬೆಳೆಯುತ್ತದೆ. ಮಜ್ಜೆಯ ಜೀವಕೋಶಗಳಿಂದ ಹುಟ್ಟುವ ಪ್ಲಾಸ್ಮಸೈಟೋಮಾ ಎಂಬ ಇನ್ನೊಂದು ಬಗೆ ಹಿರಿಯರಲ್ಲಿ ಹೆಚ್ಚು.

ಇವುಗಳಲ್ಲದೆ ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಥೈರಾಯ್ಡ್, ಮೂತ್ರಪಿಂಡಗಳ ಕ್ಯಾನ್ಸರು ಹರಡಿ ಪಕ್ಕೆಲುಬಿಗೆ ಬರುವುದೂ ಉಂಟು. ಹಿರಿಯ ವಯಸ್ಸಿನವರಲ್ಲಿ ಪಕ್ಕೆಲುಬಿನ ಗಡ್ಡೆ ಕಂಡಾಗ ವೈದ್ಯರು ದೇಹದ ಇತರ ಅಂಗಗಳನ್ನೂ ಪರೀಕ್ಷಿಸುವುದು ಈ ಕಾರಣದಿಂದ. ಹೀಗೆ ಹೊರಗಿನಿಂದ ನೋಡಿದರೆ ಒಂದೇ ಬಗೆಯ ಉಬ್ಬು; ಒಳಗಿನ ರೋಗ ಹಲವು ಬಗೆಯದು; ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ ಬೇರೆ.

ತಡವಾಗುವುದು ಎಲ್ಲಿ?

ಮೈಸೂರಿನ ರಾಜೀವನಗರದಂತಹ ದುಡಿಯುವ ಜನರ ಬಡಾವಣೆಯಲ್ಲಿ ವಾಸಿಸುವ ನಲವತ್ತೈದರ ಆಸುಪಾಸಿನ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳೋಣ. ಮನೆಗೆಲಸವನ್ನು ಮುಗಿಸಿ, ದಿನವಿಡೀ ನೆಲದ ಮೇಲೆ ಬಾಗಿ ಕುಳಿತು ಊದುಬತ್ತಿ ಹೊಸೆಯುವ ಕಾಯಕ ಅವರದು. ಎದೆಯ ಬಲಭಾಗದಲ್ಲಿ ಅಡಿಕೆಯಷ್ಟು ಗಾತ್ರದ ಗಟ್ಟಿ ಉಬ್ಬೊಂದು ಕೈಗೆ ಸಿಗುತ್ತದೆ. ನೋವಿಲ್ಲ, ಜ್ವರವಿಲ್ಲ. ಬಾಗಿ ಕೂರುವುದರಿಂದ ಮೂಳೆ ಉಬ್ಬಿರಬೇಕೆಂದು ಅವರು ಸುಮ್ಮನಾಗುತ್ತಾರೆ. ಆರು ತಿಂಗಳಲ್ಲಿ ಉಬ್ಬು ನಿಂಬೆಹಣ್ಣಿನಷ್ಟಾಗುತ್ತದೆ. ಸಂಕೋಚದಿಂದ ಮನೆಯ ಗಂಡಸರಿಗೆ ಹೇಳುವುದಿಲ್ಲ. ಕೊನೆಗೆ ನೆರೆಯವರ ಸಲಹೆಯಂತೆ ಎಣ್ಣೆ ಹಚ್ಚಿ ತಿಕ್ಕಿಸುತ್ತಾರೆ, ಪಟ್ಟು ಹಾಕಿಸುತ್ತಾರೆ. ರಾತ್ರಿ ನಿದ್ದೆ ಕೆಡಿಸುವ ನೋವು ಆರಂಭವಾದ ಬಳಿಕವೇ ಆಸ್ಪತ್ರೆಯ ಮಾತು ಏಳುತ್ತದೆ.

ಇದು ಊಹೆಯ ಚಿತ್ರವಾದರೂ ಇಂತಹ ರೋಗಿಗಳು ತಡವಾಗಿ ಬರುವ ದಾರಿ ಬಹುಮಟ್ಟಿಗೆ ಇದೇ. ಇಲ್ಲಿ ನಿಜವಾದ ಕಾರಣ ಹಣವಲ್ಲ, ದೂರವೂ ಅಲ್ಲ; ರಾಜೀವನಗರದಿಂದ ಕೃಷ್ಣರಾಜೇಂದ್ರ ಆಸ್ಪತ್ರೆ ಕೆಲವೇ ಕಿಲೋಮೀಟರುಗಳ ದಾರಿ. ನೋವಿಲ್ಲದ ಗಂಟು ನಿರಪಾಯಕಾರಿ ಎಂಬ ನಂಬಿಕೆಯೇ ತಡಕ್ಕೆ ಕಾರಣ. ಎದೆಗೂಡಿನ ಮೂಳೆಯ ವಿಷಯದಲ್ಲಿ ಈ ನಂಬಿಕೆ ಸಲ್ಲದು. ಸೌಮ್ಯ ಗಡ್ಡೆಯೂ ನೋಯಬಹುದು. ಮಾರಕ ಗಡ್ಡೆಯೂ ಬಹುಕಾಲ ನೋಯದೆ ಇರಬಹುದು.

ಹಾಗೆಂದು ಪ್ರತಿಯೊಂದು ಉಬ್ಬನ್ನೂ ಕ್ಯಾನ್ಸರೆಂದು ಭಾವಿಸಿ ಭಯಪಡಬೇಕಾಗಿಲ್ಲ. ಪಕ್ಕೆಲುಬಿನ ಮೃದ್ವಸ್ಥಿ ಉರಿಯೂತಗೊಂಡರೂ ಎದೆಯ ಮುಂಭಾಗ ಊದಿಕೊಂಡು ನೋಯುತ್ತದೆ. ಅದು ವಿಶ್ರಾಂತಿ ಔಷಧಗಳಿಂದ ಗುಣವಾಗುತ್ತದೆ. ಹಳೆಯ ಮುರಿತವೊಂದು ಕೂಡಿಕೊಂಡ ಜಾಗವೂ ಉಬ್ಬಿರಬಹುದು. ನಮ್ಮ ದೇಶದಲ್ಲಿ ಕ್ಷಯರೋಗ ಪಕ್ಕೆಲುಬಿಗೆ ತಗುಲಿ, ಬಿಸಿಯಿಲ್ಲದ ಕೀವುಗಂಟಾಗಿ ಕಾಣಿಸಿಕೊಳ್ಳುವುದುಂಟು. ಕ್ಷಯರೋಗಿಗಳಿಗಾಗಿ ಒಂದು ಶತಮಾನದ ಹಿಂದೆಯೇ ಪ್ರತ್ಯೇಕ ಆರೋಗ್ಯಧಾಮವನ್ನು ಕಂಡ ಮೈಸೂರಿಗೆ ಈ ರೋಗ ಹೊಸದಲ್ಲ. ಅಂತಹ ಗಂಟಿಗೆ ಮುಖ್ಯ ಚಿಕಿತ್ಸೆ ಔಷಧವೇ. ಆದ್ದರಿಂದ ಭಯವೂ ಬೇಡ, ಉದಾಸೀನವೂ ಬೇಡ, ಪರೀಕ್ಷೆ ಬೇಕು.

ಪಕ್ಕೆಲುಬಿಗೋ ಎದೆಮೂಳೆಗೋ ಅಂಟಿಕೊಂಡಂತೆ ಅಲುಗಾಡದ ಗಟ್ಟಿ ಗಂಟು, ಒಂದೆರಡು ತಿಂಗಳಲ್ಲಿ ಬೆಳೆಯುತ್ತಿರುವ ಗಂಟು, ರಾತ್ರಿ ಹೆಚ್ಚಾಗುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಸಣ್ಣ ಪೆಟ್ಟಿಗೇ ಪಕ್ಕೆಲುಬು ಮುರಿಯುವುದು – ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರನ್ನು ಕಾಣಬೇಕು. ಎದೆಮೂಳೆಯ ಮೇಲಿನ ಗಡ್ಡೆಯಂತೂ ಪರೀಕ್ಷೆಯಿಂದ ಸೌಮ್ಯವೆಂದು ಸಿದ್ಧವಾಗುವವರೆಗೆ ಮಾರಕವೆಂದೇ ತಿಳಿದು ನಡೆಯುವುದು ವೈದ್ಯಶಾಸ್ತ್ರದ ನಿಯಮ.

ಪರೀಕ್ಷೆಗಳು

ಮೊದಲು ಎದೆಯ ಎಕ್ಸ್‌ರೇ. ಅದರಲ್ಲಿ ಮೂಳೆ ಸವೆದಿರುವುದು ಅಥವಾ ಉಬ್ಬಿರುವುದು ತಿಳಿಯಬಹುದು. ಆದರೆ ಎಕ್ಸ್‌ರೇ ಸರಿಯಾಗಿದೆ ಎಂದ ಮಾತ್ರಕ್ಕೆ ಗಡ್ಡೆಯಿಲ್ಲವೆಂದು ತೀರ್ಮಾನಿಸಲಾಗದು. ಸಿ.ಟಿ. ಸ್ಕ್ಯಾನಿನಲ್ಲಿ ಮೂಳೆಯ ಸ್ಥಿತಿಯೂ, ಶ್ವಾಸಕೋಶಕ್ಕೆ ರೋಗ ಹರಡಿದೆಯೇ ಎಂಬುದೂ ಸ್ಪಷ್ಟವಾಗುತ್ತವೆ. ಸ್ನಾಯು, ನರ, ಬೆನ್ನುಹುರಿಗಳಿಗೆ ಗಡ್ಡೆ ಎಷ್ಟು ಸಮೀಪವಿದೆ ಎಂದು ತಿಳಿಯಲು ಎಂ.ಆರ್.ಐ. ಬೇಕಾಗುತ್ತದೆ.

ಬಳಿಕ ಬಯಾಪ್ಸಿ. ಸೂಜಿಯಿಂದ ಗಡ್ಡೆಯ ಸಣ್ಣ ಎಳೆಯೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಇದು. ಸೂಜಿ ಚುಚ್ಚಿದರೆ ಕ್ಯಾನ್ಸರು ಹರಡುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಕ್ರಮಬದ್ಧವಾಗಿ ಮಾಡಿದ ಸೂಜಿ ಬಯಾಪ್ಸಿಯಿಂದ ಅಂತಹ ಅಪಾಯ ತೀರ ಕಡಿಮೆ. ಸೂಜಿ ಹಾದುಹೋದ ದಾರಿಯನ್ನೂ ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಜೊತೆಗೇ ತೆಗೆದುಹಾಕುತ್ತಾರೆ. ಆದ್ದರಿಂದಲೇ ಸೂಜಿಯನ್ನು ಎಲ್ಲಿಂದ ಹಾಕಬೇಕೆಂಬುದನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಜ್ಞರೇ ನಿರ್ಧರಿಸುವುದು ಒಳ್ಳೆಯದು. ಗಡ್ಡೆ ತೀರ ಚಿಕ್ಕದಾಗಿದ್ದರೆ ಸುತ್ತಲಿನ ಅಂಚಿನೊಡನೆ ಪೂರ್ತಿಯಾಗಿ ತೆಗೆದೇ ಪರೀಕ್ಷಿಸುವುದೂ ಉಂಟು. ನಿಜವಾದ ಅಪಾಯವಿರುವುದು ಬೇರೆಡೆ: ಕೊಬ್ಬಿನ ಗಂಟೆಂದು ತಿಳಿದು, ಸ್ಕ್ಯಾನ್ ಮಾಡಿಸದೆ, ಮೇಲುಮೇಲಕ್ಕೆ ಕೊಯ್ದು ಅರ್ಧ ತೆಗೆಯುವುದರಲ್ಲಿ. ಹಾಗೆ ಮಾಡಿದರೆ ಗಡ್ಡೆಯ ಕಣಗಳು ಸುತ್ತಲಿನ ಸ್ನಾಯುಗಳಲ್ಲಿ ಚೆಲ್ಲಿಹೋಗುತ್ತವೆ. ಎರಡನೆಯ ಸಲ ಎಷ್ಟು ದೂರದವರೆಗೆ ತೆಗೆಯಬೇಕೆಂದು ಹೇಳುವುದು ನಿಪುಣರಿಗೂ ಕಷ್ಟವಾಗುತ್ತದೆ.

ಈ ಸಂದರ್ಭದಲ್ಲಿ ಲಿಂಗಧಾರಿಗಳಾದ ಸದ್ಭಕ್ತರಿಗೆ ಒಂದು ಸೂಚನೆ. ಎದೆಯ ಮೇಲೆ ಧರಿಸುವ ಬೆಳ್ಳಿಯ ಕರಡಿಗೆಯು ಎಕ್ಸ್‌ರೇಯಲ್ಲಿಯೂ ಸಿ.ಟಿ. ಸ್ಕ್ಯಾನಿನಲ್ಲಿಯೂ ನೆರಳಾಗಿ ಮೂಡಿ, ಅದರ ಹಿಂದಿನ ಭಾಗವನ್ನು ಮರೆಮಾಡುತ್ತದೆ. ಎಂ.ಆರ್.ಐ. ಕೊಠಡಿಯೊಳಗೆ ಯಾವ ಲೋಹದ ವಸ್ತುವನ್ನೂ ಒಯ್ಯಲು ಬಿಡುವುದಿಲ್ಲ. ಆದ್ದರಿಂದ ಪರೀಕ್ಷೆಯ ವೇಳೆ ಇಷ್ಟಲಿಂಗವನ್ನು ಕುಟುಂಬದ ಹಿರಿಯರೊಬ್ಬರ ಕೈಗೆ ಒಪ್ಪಿಸುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು. ಮನಸ್ಸಿನಲ್ಲಿ ಸಂಕೋಚವಿದ್ದರೆ ಮಠದ ಹಿರಿಯರಲ್ಲಿ ವಿಚಾರಿಸಿ ಪರಿಹರಿಸಿಕೊಳ್ಳಬಹುದು. ಈ ಸಂಕೋಚದಿಂದ ಪರೀಕ್ಷೆಯನ್ನೇ ಮುಂದೂಡುವುದು ಸರಿಯಲ್ಲ.

ಅಂಚಿನ ನಿಯಮ

ಗಡ್ಡೆಯನ್ನು ಪೂರ್ತಿಯಾಗಿ ತೆಗೆಯಬೇಕೆಂಬ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಗಡ್ಡೆಯನ್ನು ಅರ್ಬುದವೆಂದು ಕರೆದು, ಅದರಲ್ಲಿ ಸ್ವಲ್ಪ ಭಾಗ ಉಳಿದರೂ ಬೇಗನೆ ಮರಳಿ ಹುಟ್ಟುತ್ತದೆಂದೂ, ಆದ್ದರಿಂದ ಶೇಷವಿಲ್ಲದಂತೆ ತೆಗೆಯಬೇಕೆಂದೂ ಹೇಳಲಾಗಿದೆ. ಆಧುನಿಕ ಶಸ್ತ್ರವೈದ್ಯ ಇದನ್ನು ಅಳತೆಯ ಮಾತಿನಲ್ಲಿ ಹೇಳುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಎದೆಗೂಡಿನ ಮಾರಕ ಗಡ್ಡೆಯ ಸುತ್ತ 4 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ಆರೋಗ್ಯವಂತ ಭಾಗವನ್ನು ಸೇರಿಸಿ ತೆಗೆದಾಗ ಶೇಕಡಾ 56 ರೋಗಿಗಳು ಐದು ವರ್ಷಗಳ ಬಳಿಕವೂ ಕ್ಯಾನ್ಸರಿನಿಂದ ಮುಕ್ತರಾಗಿದ್ದರು, 2 ಸೆಂ.ಮೀ. ಅಂಚಿನಲ್ಲಿ ತೆಗೆದಾಗ ಹಾಗೆ ಉಳಿದವರು ಶೇಕಡಾ 29 ಮಾತ್ರ. ನಡುವಿನ ಅಂತರ ಎರಡು ಬೆರಳಿನ ಅಗಲದಷ್ಟೂ ಇಲ್ಲ. ಫಲದಲ್ಲಿ ಸುಮಾರು ಎರಡರಷ್ಟು ವ್ಯತ್ಯಾಸ.

ಇದು ಕಾಂಡ್ರೊಸಾರ್ಕೋಮಾ ರೋಗಿಗಳಿಗೆ ಇನ್ನಷ್ಟು ಮುಖ್ಯ. ಈ ಗಡ್ಡೆ ಸಾಮಾನ್ಯವಾಗಿ ಕೀಮೋಥೆರಪಿಗೂ ವಿಕಿರಣಕ್ಕೂ ಜಗ್ಗುವುದಿಲ್ಲ. ಅದಕ್ಕೆ ಮುಖ್ಯವಾದ ಮದ್ದು ಕತ್ತಿಯೊಂದೇ. ಈವಿಂಗ್ ಸಾರ್ಕೋಮಾದಲ್ಲಿ ಕ್ರಮ ಬೇರೆ: ಮೊದಲು ಕೀಮೋಥೆರಪಿಯಿಂದ ಗಡ್ಡೆಯನ್ನು ಕುಗ್ಗಿಸಿ ಬಳಿಕ ಶಸ್ತ್ರಚಿಕಿತ್ಸೆ. ಪ್ಲಾಸ್ಮಸೈಟೋಮಾದಲ್ಲಿ ವಿಕಿರಣವೇ ಮುಖ್ಯ ಚಿಕಿತ್ಸೆ. ಬಯಾಪ್ಸಿಯ ಫಲಿತಾಂಶ ಬರುವ ಮುನ್ನ ಅವಸರದಿಂದ ಶಸ್ತ್ರಚಿಕಿತ್ಸೆಗೆ ಒತ್ತಾಯಿಸಬಾರದೆನ್ನುವುದು ಇದಕ್ಕಾಗಿಯೇ.

ಶಸ್ತ್ರಚಿಕಿತ್ಸೆಯ ಬಗೆ

ಎದೆಯನ್ನು ತೆರೆದೊಡನೆ ಹೊರಗಿನ ಗಾಳಿ ಒಳನುಗ್ಗಿ ಶ್ವಾಸಕೋಶ ಕುಸಿಯುತ್ತದೆ. ಬಹುಕಾಲ ಶಸ್ತ್ರವೈದ್ಯರು ಎದೆಗೂಡಿಗೆ ಕೈಹಾಕಲು ಅಂಜುತ್ತಿದ್ದುದು ಈ ಕಾರಣಕ್ಕೆ. 1904ರಲ್ಲಿ ಜರ್ಮನಿಯ ಫರ್ಡಿನೆಂಡ್ ಸಾವರ್‌ಬ್ರುಕ್ ಎಂಬ ಶಸ್ತ್ರವೈದ್ಯರು ಗಾಳಿಯ ಒತ್ತಡವನ್ನು ತಗ್ಗಿಸಿದ ಕೋಣೆಯೊಂದನ್ನು ರಚಿಸಿ, ಅದರೊಳಗೆ ಎದೆಯನ್ನು ತೆರೆದರೂ ಶ್ವಾಸಕೋಶ ಕುಸಿಯದೆಂದು ತೋರಿಸಿದರು. ಮುಂದೆ ಶ್ವಾಸನಾಳದೊಳಗೆ ಕೊಳವೆಯಿಳಿಸಿ ಯಂತ್ರದಿಂದ ಉಸಿರು ನೀಡುವ ಅರಿವಳಿಕೆ ವಿಧಾನ ಬೆಳೆದು, ಆ ಕೋಣೆಯ ಅಗತ್ಯವೇ ಉಳಿಯಲಿಲ್ಲ. ಇಂದು ಸುಸಜ್ಜಿತ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆ ಸುರಕ್ಷಿತವಾಗಿ ನಡೆಯುತ್ತಿರುವುದಕ್ಕೆ ಅರಿವಳಿಕೆ ತಜ್ಞರ ಪಾಲು ಶಸ್ತ್ರವೈದ್ಯರಷ್ಟೇ ದೊಡ್ಡದು.

ಮಾರಕ ಗಡ್ಡೆಯಾದರೆ ರೋಗ ತಗುಲಿದ ಪಕ್ಕೆಲುಬಿನ ಜೊತೆಗೆ ಅದರ ಮೇಲಿನ ಒಂದು, ಕೆಳಗಿನ ಒಂದು ಪಕ್ಕೆಲುಬಿನ ಭಾಗಗಳನ್ನೂ, ಅಂಟಿಕೊಂಡ ಸ್ನಾಯು ಪೊರೆಗಳನ್ನೂ ಒಂದೇ ತುಂಡಾಗಿ ತೆಗೆಯುವುದು ವಾಡಿಕೆ. ಶ್ವಾಸಕೋಶದ ಅಂಚಿಗೋ ವಪೆಗೋ ಗಡ್ಡೆ ಅಂಟಿದ್ದರೆ ಆ ಭಾಗವೂ ಜೊತೆಯಲ್ಲಿಯೇ ಹೊರಬರಬೇಕು. ಗಡ್ಡೆಯನ್ನು ಒಡೆಯದೆ, ಅದರ ಮೈಯನ್ನೇ ಕಾಣದೆ, ಸುತ್ತಲಿನ ಒಳ್ಳೆಯ ಮೂಳೆಮಾಂಸಗಳ ಹೊದಿಕೆಯೊಡನೆ ಎತ್ತಿ ತೆಗೆಯುವುದೇ ಇಲ್ಲಿನ ಕೌಶಲ.

ಹೀಗೆ ತೆಗೆದಾಗ ಎದೆಯ ಗೋಡೆಯಲ್ಲಿ ಉಳಿಯುವ ತೆರಪನ್ನು ಮುಚ್ಚುವುದು ಎರಡನೆಯ ಹಂತ. ತೆರಪು 5 ಸೆಂ.ಮೀ.ಗಿಂತ ಚಿಕ್ಕದಾಗಿದ್ದರೆ ಸ್ನಾಯುವಿನ ಹೊದಿಕೆಯೇ ಸಾಕಾಗುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ ಹೆಗಲ ಹಲಗೆಮೂಳೆಯ ಆಸರೆಯಿರುವುದರಿಂದ 10 ಸೆಂ.ಮೀ.ವರೆಗಿನ ತೆರಪನ್ನೂ ಹಾಗೆಯೇ ಬಿಡಬಹುದು. ಆದರೆ ಹಲಗೆಮೂಳೆಯ ತುದಿ ತೆರಪಿನೊಳಗೆ ಸಿಕ್ಕಿಕೊಳ್ಳುವಂತಿರಬಾರದು. ಮುಂಭಾಗದ ದೊಡ್ಡ ತೆರಪನ್ನು ಹಾಗೆಯೇ ಬಿಟ್ಟರೆ, ಉಸಿರೆಳೆದುಕೊಂಡಾಗ ಎದೆ ಹಿಗ್ಗುವ ಬದಲು ಆ ಭಾಗ ಒಳಕ್ಕೆ ಕುಸಿಯುತ್ತದೆ, ಉಸಿರು ಸಾಲದಾಗುತ್ತದೆ. ಆದ್ದರಿಂದ ಪಾಲಿಪ್ರೊಪಿಲೀನಿನಂತಹ ಕೃತಕ ಎಳೆಯ ಬಲೆಯನ್ನು ಬಿಗಿದು ಕಟ್ಟುತ್ತಾರೆ. ಇನ್ನೂ ಗಟ್ಟಿತನ ಬೇಕಾದಾಗ ಎರಡು ಬಲೆಗಳ ನಡುವೆ ಮೂಳೆಯ ಸಿಮೆಂಟನ್ನು ಹರಡಿ, ಪಕ್ಕೆಯ ಬಾಗಿಗೆ ತಕ್ಕಂತೆ ರೂಪಿಸಿ ಕೂರಿಸುತ್ತಾರೆ. ಟೈಟೇನಿಯಂ ಪಟ್ಟಿಗಳನ್ನು ಪಕ್ಕೆಲುಬುಗಳಂತೆ ಬಾಗಿಸಿ ತಿರುಪುಗಳಿಂದ ಬಿಗಿಯುವ ವಿಧಾನವೂ ಬಳಕೆಯಲ್ಲಿದೆ. ಇವುಗಳ ಮೇಲೆ ರೋಗಿಯದೇ ಸ್ನಾಯುವನ್ನು ರಕ್ತನಾಳಸಹಿತ ತಿರುಗಿಸಿ ತಂದು ಹೊದಿಸುತ್ತಾರೆ. ಬೆನ್ನಿನ ಅಗಲವಾದ ಸ್ನಾಯುವನ್ನು ಎದೆಯ ಮುಂಭಾಗಕ್ಕೆ ತಿರುಗಿಸುವ ವಿಧಾನವನ್ನು ಇಟಲಿಯ ಇಜಿನಿಯೊ ಟಾನ್ಸಿನಿ ಎಂಬುವರು 1906ರಲ್ಲಿಯೇ ವಿವರಿಸಿದ್ದರು. ಇಂದಿಗೂ ಅದು ಬಳಕೆಯಲ್ಲಿದೆ.

ಹೊಸ ಸಾಧನೆಗಳೂ ಇವೆ. 2015ರಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದ ಆಸ್ಪತ್ರೆಯಲ್ಲಿ ಎದೆಗೂಡಿನ ಸಾರ್ಕೋಮಾ ರೋಗಿಯೊಬ್ಬರಿಗೆ ಮೂರು ಆಯಾಮದ ಮುದ್ರಣದಿಂದ ತಯಾರಿಸಿದ ಟೈಟೇನಿಯಂ ಎದೆಮೂಳೆಯನ್ನೂ ಪಕ್ಕೆಲುಬುಗಳನ್ನೂ ಜೋಡಿಸಲಾಯಿತು. ಅವುಗಳನ್ನು ರೋಗಿಯ ಸ್ಕ್ಯಾನಿನ ಅಳತೆಯಂತೆ ಆಸ್ಟ್ರೇಲಿಯಾದಲ್ಲಿ ತಯಾರಿಸಿದ್ದರು. ಆದರೆ ಓದುಗರು ಗಮನಿಸಬೇಕಾದುದೆಂದರೆ, ಎಷ್ಟೇ ಬೆಲೆಬಾಳುವ ಲೋಹವನ್ನು ಕೂರಿಸಿದರೂ ಉಳಿದುಹೋದ ಗಡ್ಡೆಗೆ ಅದು ಪರಿಹಾರವಲ್ಲ. ಜೀವವನ್ನು ಉಳಿಸುವುದು ಶುದ್ಧವಾದ ಅಂಚು. ಉಸಿರನ್ನು ಸುಗಮಗೊಳಿಸುವುದು ಮರುಜೋಡಣೆ.

ಶಸ್ತ್ರಚಿಕಿತ್ಸೆಯ ಬಳಿಕ

ಕೆಲವು ದಿನ ಎದೆಯೊಳಗೆ ಕೊಳವೆಯೊಂದಿದ್ದು ಗಾಳಿಯನ್ನೂ ದ್ರವವನ್ನೂ ಹೊರಹಾಕುತ್ತದೆ. ನೋವಿಗೆ ಅಂಜಿ ರೋಗಿ ಮೇಲುಸಿರಾಡಿದರೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಆದ್ದರಿಂದ ನೋವುನಿವಾರಕಗಳನ್ನು ಬೇಡವೆನ್ನದೆ ಪಡೆದು, ದೀರ್ಘವಾಗಿ ಉಸಿರೆಳೆಯಬೇಕು; ಮೂರು ಚೆಂಡುಗಳ ಉಸಿರಾಟದ ಸಾಧನವನ್ನು ಗಂಟೆಗೊಮ್ಮೆ ಅಭ್ಯಾಸ ಮಾಡಬೇಕು; ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಿ ಕಫವನ್ನು ಹೊರಹಾಕಬೇಕು; ವೈದ್ಯರು ಹೇಳಿದೊಡನೆ ಎದ್ದು ನಡೆದಾಡಬೇಕು. ಧೂಮಪಾನಿಗಳು ಶಸ್ತ್ರಚಿಕಿತ್ಸೆಗೆ ಮೊದಲೇ ಅದನ್ನು ಬಿಡಬೇಕು. ಪ್ರಾಣಾಯಾಮವನ್ನು ಬಲ್ಲವರೂ ಉಸಿರನ್ನು ಬಿಗಿಹಿಡಿಯುವ ಅಭ್ಯಾಸಗಳನ್ನು ವೈದ್ಯರ ಅನುಮತಿಯ ಬಳಿಕವೇ ಮಾಡತಕ್ಕದ್ದು.

ಗುಣಮುಖರಾದರೆಂದು ತಪಾಸಣೆಯನ್ನು ಬಿಡಬಾರದು. ಕಾಂಡ್ರೊಸಾರ್ಕೋಮಾ ಹಲವು ವರ್ಷಗಳ ಬಳಿಕವೂ ಮರಳಬಲ್ಲದು. ಮೊದಲ ಎರಡು ಮೂರು ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಹತ್ತು ವರ್ಷಗಳವರೆಗಾದರೂ ಪರೀಕ್ಷೆ ಮುಂದುವರಿಯಬೇಕು.

ಎಲ್ಲಿಗೆ ಹೋಗಬೇಕು?

ಮೈಸೂರು ಭಾಗದವರಿಗೆ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ ಮೊದಲಾದೆಡೆ ಪರೀಕ್ಷೆ ಆರಂಭಿಸುವ ಅನುಕೂಲವಿದೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಕ್ಯಾನ್ಸರಿಗೆಂದೇ ಮೀಸಲಾದುದು. ಎದೆಯ ಶಸ್ತ್ರವೈದ್ಯರು, ಕ್ಯಾನ್ಸರ್ ತಜ್ಞರು, ಪ್ಲಾಸ್ಟಿಕ್ ಸರ್ಜನ್, ಅರಿವಳಿಕೆ ತಜ್ಞರು, ತೀವ್ರ ನಿಗಾ ಘಟಕ – ಇಷ್ಟೂ ಒಂದೇ ಕಡೆ ಇರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಬೇಕು. ಖರ್ಚಿನ ಚಿಂತೆಯಿರುವವರು 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಬೇಕು. ಬಿ.ಪಿ.ಎಲ್. ಪಡಿತರ ಚೀಟಿಯಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುವ ಯೋಜನೆ ಇದು. ಪಡಿತರ ಚೀಟಿ, ಆಧಾರ್, ಹಳೆಯ ವರದಿಗಳು, ಎಕ್ಸ್‌ರೇ ಹಾಳೆಗಳು, ಬಯಾಪ್ಸಿಯ ಗಾಜುಪಟ್ಟಿಗಳು – ಇವೆಲ್ಲವನ್ನೂ ಜೊತೆಗೆ ಒಯ್ಯಬೇಕು.

ವೈದ್ಯರಲ್ಲಿ ಮನೆಯವರು ವಿನಯದಿಂದ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಗಡ್ಡೆ ಯಾವ ಬಗೆಯದೆಂದು ಬಯಾಪ್ಸಿಯಿಂದ ಖಚಿತವಾಗಿದೆಯೇ? ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋಥೆರಪಿಯ ಅಗತ್ಯವಿದೆಯೇ? ಸುತ್ತಲೂ ಎಷ್ಟು ಅಂಚು ಸೇರಿಸಿ ತೆಗೆಯುತ್ತೀರಿ? ತೆರಪನ್ನು ಯಾವುದರಿಂದ ಮುಚ್ಚುತ್ತೀರಿ? ಈ ನಾಲ್ಕಕ್ಕೂ ಸ್ಪಷ್ಟವಾದ ಉತ್ತರ ದೊರೆತರೆ ರೋಗಿ ಸರಿಯಾದ ಕೈಗಳಲ್ಲಿದ್ದಾರೆಂದು ನಂಬಬಹುದು.

ಮನೆಯ ಹೆಣ್ಣುಮಕ್ಕಳು, ಹಿರಿಯರು ತಮ್ಮ ಮೈಯ ಗಂಟನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವಂತಹ ವಾತಾವರಣವನ್ನು ಕಲ್ಪಿಸುವುದು ಕುಟುಂಬದವರ ಹೊಣೆ. ಅಡಿಕೆಯಷ್ಟಿದ್ದಾಗಲೇ ಹೇಳಿಕೊಂಡರೆ ತೆಗೆಯಬೇಕಾದ ಭಾಗ ಚಿಕ್ಕದು, ಉಳಿಯುವ ಉಸಿರು ಹೆಚ್ಚು, ಮರಳಿ ಬರುವ ಭಯ ಕಡಿಮೆ. ಗಂಟನ್ನು ತಿಕ್ಕಿಸದೆ, ಅವಸರದಲ್ಲಿ ಕೊಯ್ಯಿಸದೆ, ಮೊದಲು ಅದು ಏನೆಂದು ತಿಳಿಯಿರಿ. ತೆಗೆಯುವುದಾದರೆ ಒಮ್ಮೆಗೇ ಪೂರ್ಣವಾಗಿ ತೆಗೆಸಿರಿ.